1×3 ಗುಣಿಸು 1×3 ಯಾಕೆ ಆಗುದಿಲ್ಲ? (ಮ್ಯಾಟ್‌ಲ್ಯಾಬ್ / ಆಕ್ಟೇವ್, ಮೊದಲ ವರ್ಷ)

ಪೆರ್ಲ ಬಸ್ಸು · ರಾತ್ರಿ 8:40

ಎಲ್ಲರಿಗೂ ನಮಸ್ಕಾರ. ಇಂಜಿನಿಯರಿಂಗ್ ಮೊದಲ ವರ್ಷ. ಲೆಕ್ಕ ಮಾಡುವ ಸಾಫ್ಟ್‌ವೇರ್ ಎರಡು: ಲ್ಯಾಬಲ್ಲಿ ಮ್ಯಾಟ್‌ಲ್ಯಾಬ್, ಮನೆಯ ಲ್ಯಾಪ್‌ಟಾಪಲ್ಲಿ ಆಕ್ಟೇವ್, ರ‍್ಯಾಮ್ 4 ಜಿಬಿ. ಸಣ್ಣ ಪ್ರೋಗ್ರಾಮ್ ಒಂದು: ಮೂರು ತರದ ಅಡಿಕೆ (ಚಾಲಿ, ಪಟೋರ, ಉಳ್ಳಿ), ಕಿಲೋ ಎಷ್ಟು, ದರ ಎಷ್ಟು, ಒಟ್ಟು ಎಷ್ಟು.

ಕಿಲೋ = [120 35 18];
ದರ = [400 300 200];
ಒಟ್ಟು = ಕಿಲೋ * ದರ

ಬರುವ ಎರರ್: "ನಾನ್‌ಕನ್ಫಾರ್ಮೆಂಟ್ ಆರ್ಗ್ಯುಮೆಂಟ್ಸ್, ಆಪ್1 1×3, ಆಪ್2 1×3". ಎರಡೂ ಒಂದೇ ಸೈಜ್ ಉಂಟಲ್ಲ, ಮತ್ತೆ ಎಂತ ತಕರಾರು ಇದರದ್ದು?

ಇನ್ನೊಂದು ಪ್ರಶ್ನೆ: ಆಕ್ಟೇವಲ್ಲಿ ಕಲಿತದ್ದು ಲ್ಯಾಬ್ ಪರೀಕ್ಷೆಗೆ ಸಾಕಾಗ್ತದಾ? (ಓದ್ಲಿಕ್ಕೆ ಸುಲಭ ಆಗ್ಲಿ ಅಂತ ಹೆಸರುಗಳನ್ನು ಕನ್ನಡದಲ್ಲಿ ಬರೆದದ್ದು, ಫೈಲಲ್ಲಿ ಇಂಗ್ಲಿಷೇ ಉಂಟು.)

ಉಪ್ಪಳ ಗೇಟು · 8:43

ನಕ್ಷತ್ರದ ಮೊದಲು ಒಂದು ಚುಕ್ಕಿ ಹಾಕಿ. ಮುಗೀತು.

ಕಂಬಸಾಲು · 8:55

ಮುಗಿಯಲಿಲ್ಲ ಮಾರಾಯ್ರೇ. ಚುಕ್ಕಿ ಹಾಕಿದರೆ ಎರರ್ ಹೋಗ್ತದೆ, ಅವರಿಗೆ ಬೇಕಾದ ಉತ್ತರ ಬರುದಿಲ್ಲ. ಕಿಲೋ .* ದರ ಅಂದರೆ ಒಂದಕ್ಕೊಂದು ಜೋಡಿ ಗುಣಾಕಾರ. ಸಿಗುದು 48000, 10500, 3600 ಅಂತ ಮೂರು ಸಂಖ್ಯೆ. ಕೇಳಿದ್ದು ಒಟ್ಟು, ಅಂದರೆ 62100. ಅದಕ್ಕೆ ಮೇಲಿಂದ ಸಮ್ ಬೇಕು.

ಬರೀ ನಕ್ಷತ್ರ ಹಾಕಿದರೆ ಅದು ಮಾತೃಕೆಗಳ (ಮ್ಯಾಟ್ರಿಕ್ಸ್) ಗುಣಾಕಾರ. ಪ್ಲಸ್ ಟೂವಿನಲ್ಲಿ ಕಲಿತ ನಿಯಮವೇ: ಎಡದವನ ಕಂಬಸಾಲು (ಕಾಲಮ್) ಎಷ್ಟೋ, ಬಲದವನ ಅಡ್ಡಸಾಲು (ರೋ) ಅಷ್ಟೇ ಇರಬೇಕು. 1×3, 1×3 ಅಂತ ಪಕ್ಕಪಕ್ಕ ಬರೆದು ನಡುವಿನ ಎರಡು ಅಂಕಿ ನೋಡಿ. 3 ಮತ್ತು 1. ಹೊಂದುದಿಲ್ಲ. ದರವನ್ನು ನೆಟ್ಟಗೆ ನಿಲ್ಲಿಸಿದರೆ 1×3, 3×1 ಆಗ್ತದೆ, ನಡುವೆ 3 ಮತ್ತು 3, ಹೊರಗೆ ಉಳಿದದ್ದು 1×1, ಅಂದರೆ ಒಂದೇ ಸಂಖ್ಯೆ.

ಒಟ್ಟು = ಕಿಲೋ * ದರ'

ಕೊನೆಯ ಆ ಸಣ್ಣ ಗೀಟು ಟ್ರಾನ್ಸ್‌ಪೋಸ್. ಉತ್ತರ 62100.

ಚಾಲಿ ಹೊಸತು · 8:58

ಪಟೋರಕ್ಕೆ 300, ಉಳ್ಳಿಗೆ 200 ಅಂತ ಹಾಕಿದ್ದಾ? ಯಾವ ಕಾಲದ ದರ ಇದು?

ಪೆರ್ಲ ಬಸ್ಸು · 9:01

ಸುಮ್ಮನೆ ಲೆಕ್ಕಕ್ಕೆ ಹಾಕಿದ್ದು. ಗೀಟು ತಪ್ಪಿ ಕಿಲೋಗೆ ಹಾಕಿದೆ, ಎರರ್ ಬರ್ಲಿಲ್ಲ, ಆದರೆ 3×3 ಒಂದು ದೊಡ್ಡ ಡಬ್ಬ ಬಂತು.

ಕಂಬಸಾಲು · 9:09

ಅದೇ ನಿಜವಾದ ಅಪಾಯ. ಎರರ್ ಬಂದದ್ದು ಪುಣ್ಯ, ಬಾರದೆ ತಪ್ಪು ಉತ್ತರ ಕೊಡುದು ಪಾಪ. ಕಿಲೋ' * ದರ ಅಂದರೆ 3×1 ಗುಣಿಸು 1×3. ನಡುವೆ 1 ಮತ್ತು 1, ಸರಿಯೇ ಉಂಟು. ಹೊರಗೆ 3×3. ನಿಮಗೆ ಬಂದದ್ದು ಇದು:

48000 36000 24000
14000 10500 7000
7200 5400 3600

ಪ್ರತಿಯೊಂದು ಕಿಲೋವನ್ನು ಪ್ರತಿಯೊಂದು ದರಕ್ಕೂ ಗುಣಿಸಿದೆ. ಮೂಲೆಯಿಂದ ಮೂಲೆಗೆ ಓರೆಯಾಗಿ ಇಳಿದರೆ 48000, 10500, 3600, ನಿಮ್ಮ ಸರಿಯಾದ ಮೊತ್ತಗಳು ಅಲ್ಲಿ ಕೂತಿವೆ. ಉಳಿದ ಆರು ಚಾಲಿಯನ್ನು ಪಟೋರದ ದರಕ್ಕೆ ಮಾರಿದ ಹಾಗೆ.

ಕೂಡಿಸುವಾಗಲೂ ಹೀಗೇ. ಅಡ್ಡ ಒಂದು, ಕಂಬ ಒಂದು ತೆಗೆದು ಕೂಡಿಸಿ: [1 2 3] + [10; 20; 30]. ಮೊದಲಿನ ಮ್ಯಾಟ್‌ಲ್ಯಾಬ್ ಇದಕ್ಕೆ ಎರರ್ ಕೊಡ್ತಿತ್ತು. 2016ರ ಎರಡನೇ ಬಿಡುಗಡೆಯಿಂದ ಸದ್ದಿಲ್ಲದೆ 3×3 ಕೊಡ್ತದೆ. ಆಕ್ಟೇವಲ್ಲಿ ಅದು ಅದಕ್ಕೂ ಮೊದಲೇ ಬಂದಿತ್ತು.

ಶಿರಿಯಾ ಹೊಳೆ · 9:15

ಇದಕ್ಕೆ ಇರುವ ಒಂದೇ ಮದ್ದು: ಕೋಡ್ ಬರೆಯುವ ಮೊದಲು ಕಾಗದದಲ್ಲಿ ಪ್ರತಿ ಹೆಸರಿನ ಕೆಳಗೆ ಅದರ ಸೈಜ್ ಬರೆದುಕೊಳ್ಳುವುದು. ಕಿಲೋ 1×3. ದರ 3×1. ಒಟ್ಟು 1×1. ಪ್ರೋಗ್ರಾಮಿಂಗ್ ಕಷ್ಟ ಎಂದು ಮೊದಲ ವರ್ಷದವರು ಹೇಳುವುದರಲ್ಲಿ ಮುಕ್ಕಾಲು ಪಾಲು ಪ್ರೋಗ್ರಾಮಿಂಗ್ ಅಲ್ಲವೇ ಅಲ್ಲ, ಸೈಜ್ ಬರೆಯದ ಸೋಮಾರಿತನ. ಕೋಡ್ ಓಡುವಾಗ ಸಂಶಯ ಬಂದರೆ ಸೈಜ್ ಕಮಾಂಡ್ ಕೊಡಿ. ಎಲ್ಲವನ್ನೂ ಒಟ್ಟಿಗೆ ನೋಡಲು ಹೂಸ್ ಎಂಬ ಕಮಾಂಡ್.

ಉಪ್ಪಳ ಗೇಟು · 9:17

ಹೌದು, ನನ್ನ ಚುಕ್ಕಿ ಅರ್ಧ ಉತ್ತರ. ಒಪ್ಪಿದೆ. ಆದರೆ ವರ್ಗ ಮಾಡುವಾಗ ಚುಕ್ಕಿಯೇ ಬೇಕು. ಎ = [1 2; 3 4] ಇದ್ದಾಗ ಎ^2 ಕೊಟ್ಟರೆ [7 10; 15 22], ಎ.^2 ಕೊಟ್ಟರೆ [1 4; 9 16]. ಚೌಕ ಮಾತೃಕೆ ಆದ್ದರಿಂದ ಎರಡಕ್ಕೂ ಎರರ್ ಇಲ್ಲ.

ಬೇಕಲ 5 · 9:22

ಅಡ್ಡಸಾಲು ಯಾವುದು, ಕಂಬಸಾಲು ಯಾವುದು ಅಂತಲೇ ಕೆಲವರಿಗೆ ತಲೆ ತಿರುಗ್ತದೆ. ಹತ್ತರವರೆಗೆ ಕನ್ನಡ ಮಾಧ್ಯಮ, ಪ್ಲಸ್ ಟೂವಿನಲ್ಲಿ ಒಮ್ಮೆಲೇ ರೋ, ಕಾಲಮ್, ಬೆಂಚಿನ ಪಕ್ಕದವ ಮಲಯಾಳದಲ್ಲಿ ವರಿ, ನಿರ ಅಂತಾನೆ.

ಕಂಬಸಾಲು · 9:26

ಕನ್ನಡದ್ದು ಎಷ್ಟೋ ಚಂದ ಉಂಟು. ಕಂಬ ನೆಟ್ಟಗೆ ನಿಲ್ತದೆ, ಇಂಗ್ಲಿಷಿನ ಕಾಲಮ್ಮಿಗೂ ಮೂಲದಲ್ಲಿ ಕಂಬ ಅಂತಲೇ ಅರ್ಥ. (ಹೌದು, ಹೆಸರು ಅದಕ್ಕೇ ಇಟ್ಟದ್ದು.)

ಮತ್ತೆ ಈ ಕಂಬ ನೆನಪಿಗೆ ಮಾತ್ರ ಅಲ್ಲ, ಮೆಮೊರಿಗೂ ಬೇಕು. ಮ್ಯಾಟ್‌ಲ್ಯಾಬ್, ಆಕ್ಟೇವ್, ಫೋರ್ಟ್ರಾನ್ ಮೂರೂ ಸಂಖ್ಯೆಗಳನ್ನು ಕಂಬ ಕಂಬವಾಗಿ ಪೇರಿಸ್ತವೆ: ಮೊದಲ ಕಂಬ ಮೇಲಿಂದ ಕೆಳಗೆ ಪೂರ್ತಿ, ಆಮೇಲೆ ಎರಡನೇದು. ಮ್ಯಾಜಿಕ್(3) ಕೊಟ್ಟರೆ [8 1 6; 3 5 7; 4 9 2] ಸಿಗ್ತದೆ. ಅದನ್ನು ಎ ಅಂತ ಇಟ್ಟು ಎ(2) ಕೇಳಿ. ಒಂದು ಬರ್ತದೆ ಅಂತ ಎಣಿಸ್ತೀರಿ, ಬರುದು 3. ಎ(4) ಕೇಳಿದರೆ ಆಗ 1. ಸಿ ಭಾಷೆಯಲ್ಲಿ ಇದು ಅಡ್ಡ ಅಡ್ಡ ಹೋಗ್ತದೆ. ದೊಡ್ಡ ಮಾತೃಕೆಯ ಮೇಲೆ ಎರಡು ಲೂಪ್ ಹಾಕುವಾಗ ಇಲ್ಲಿ ಒಳಗಿನ ಲೂಪ್ ಅಡ್ಡಸಾಲಿನ ಸಂಖ್ಯೆಯ ಮೇಲೆ ಇರ್ಲಿ, ಕಂಬ ಬದಲಾಗುದು ಹೊರಗಿನ ಲೂಪಲ್ಲಿ. ಮೆಮೊರಿಯಲ್ಲಿ ಪಕ್ಕಪಕ್ಕ ಇದ್ದದ್ದನ್ನೇ ಓದಿದ ಹಾಗೆ ಆಗ್ತದೆ.

ಚಾಲಿ ಹೊಸತು · 9:28

ಅಡಿಕೆ ಮರ ಹತ್ತುವವನ ಹಾಗೆ. ಒಂದು ಮರದ ಗೊನೆ ಪೂರ್ತಿ ಮುಗಿಸದೆ ಇನ್ನೊಂದಕ್ಕೆ ಹಾರಿದರೆ ದಿನ ಸಾಲುದಿಲ್ಲ.

ಗಡಿಯಾಚೆ · 9:34

ನೀವೆಲ್ಲ ಈಗಲೂ ಮ್ಯಾಟ್‌ಲ್ಯಾಬ್ ಅಂತ ಕೂತಿದ್ದೀರಲ್ಲ. ಕೇರಳ ತಾಂತ್ರಿಕ ವಿಶ್ವವಿದ್ಯಾಲಯದ 2019ರ ಸ್ಕೀಮಲ್ಲಿ ಮೊದಲ ವರ್ಷಕ್ಕೆ ಸಿ ಇತ್ತು, 2024ರ ಸ್ಕೀಮಲ್ಲಿ ಪೈಥಾನ್ ಬಂತು. ಹೈಸ್ಕೂಲಿನ ಐಸಿಟಿ (ಕಂಪ್ಯೂಟರ್) ಪಾಠದಲ್ಲೇ ಉಬುಂಟು ಲಿನಕ್ಸ್ ನೋಡಿದ ಮಕ್ಕಳು ಇವರು. ನೇರ ಪೈಥಾನ್, ಅದರ ಲೆಕ್ಕದ ಲೈಬ್ರರಿ ನಂಪೈ ಕಲೀಲಿ. ಬಿಟ್ಟಿ ಬೇರೆ.

ಶಿರಿಯಾ ಹೊಳೆ · 9:46

ಪೈಥಾನ್ ಕಲಿಯಬಾರದೆಂದು ಯಾರೂ ಹೇಳಲಿಲ್ಲ. ಲ್ಯಾಬಿನಲ್ಲಿ ಮ್ಯಾಟ್‌ಲ್ಯಾಬ್ ಇದ್ದರೆ ಪರೀಕ್ಷೆಯೂ ಅದರಲ್ಲೇ. ಎರಡನ್ನೂ ಒಟ್ಟಿಗೆ ಬಳಸುವವರು ಎಡವುವ ಜಾಗಗಳು ಇವು.

ನಂಪೈಯಲ್ಲಿ ಬರೀ ನಕ್ಷತ್ರ ಅಂದರೆ ಜೋಡಿ ಗುಣಾಕಾರ, ಇಲ್ಲಿಯ ಚುಕ್ಕಿ ನಕ್ಷತ್ರ. ಮಾತೃಕೆ ಗುಣಾಕಾರಕ್ಕೆ @ ಚಿಹ್ನೆ, ಅದು ಬಂದದ್ದು ಪೈಥಾನ್ 3.5ರಲ್ಲಿ, 2015ಕ್ಕೆ. ಎಣಿಕೆ ಅಲ್ಲಿ 0ಯಿಂದ, ಇಲ್ಲಿ 1ರಿಂದ. ಇಲ್ಲಿ 2:4 ಅಂದರೆ 2, 3, 4. ಅಲ್ಲಿ 2:4 ಅಂದರೆ 2, 3 ಮಾತ್ರ. ಇಲ್ಲಿ ಒಂದು ಕಂಬವನ್ನು ಬೇರೆ ಹೆಸರಿಗೆ ತೆಗೆದು ತಿದ್ದಿದರೆ ಮೂಲ ಹಾಗೇ ಇರುತ್ತದೆ. ನಂಪೈಯಲ್ಲಿ ಹಾಗೆ ಕತ್ತರಿಸಿದ್ದು ಮೂಲದ್ದೇ ಕಿಟಕಿ, ತಿದ್ದಿದರೆ ಮೂಲವೂ ತಿದ್ದಿಹೋಗುತ್ತದೆ. ಪೂರ್ಣಾಂಕಗಳ ಅರೇಯಲ್ಲಿ 2.7 ಇಟ್ಟರೆ ನಂಪೈ ತುಟಿ ಪಿಟಕ್ಕೆನ್ನದೆ 2 ಎಂದು ಇಟ್ಟುಕೊಳ್ಳುತ್ತದೆ. ಮ್ಯಾಟ್‌ಲ್ಯಾಬಿನಲ್ಲಿ ಸುಮ್ಮನೆ ಬರೆದ ಸಂಖ್ಯೆ ಯಾವಾಗಲೂ ಡಬಲ್ (ದಶಮಾಂಶ ಹಿಡಿಯುವ ಬಗೆ), 8 ಬೈಟ್.

ಪೂರ್ಣಾಂಕ ಎಂದು ಹೇಳಿಯೇ ಕೊಟ್ಟರೆ ಮತ್ತೆ ಬೇರೆ ಕಥೆ. ಇಂಟ್32(7) / ಇಂಟ್32(2) ಮ್ಯಾಟ್‌ಲ್ಯಾಬಿನಲ್ಲಿ 4, ಅದು ಹತ್ತಿರದ ಪೂರ್ಣಾಂಕಕ್ಕೆ ಸರಿಸುತ್ತದೆ. ಸಿ ಭಾಷೆಯಲ್ಲಿ 7/2 ಕೊಟ್ಟರೆ 3. ಫ್ಯಾರನ್‌ಹೀಟ್ ಪ್ರೋಗ್ರಾಮಿನಲ್ಲಿ 5/9 ಬರೆದು ಎಲ್ಲ ಉತ್ತರವೂ 0 ಬರುವುದು ಸಿಯಲ್ಲಿ ಈ ಕಾರಣಕ್ಕೇ.

ಗಡಿಯಾಚೆ · 9:49

ಸರಿ ಸರಿ. ಒಂದು ಮಾತ್ರ: ಪೈಥಾನ್ 3ರಲ್ಲಿ "ದರ" ಅಂತ ಕನ್ನಡದಲ್ಲೇ ವೇರಿಯೇಬಲ್ ಇಡಬಹುದು. ಮ್ಯಾಟ್‌ಲ್ಯಾಬ್, ಆಕ್ಟೇವ್ ಒಪ್ಪುದಿಲ್ಲ.

ಬೇಕಲ 5 · 9:50

ಅದಕ್ಕೆ ಪೈಥಾನಿಗೆ ಒಂದು ಮಾರ್ಕು ಜಾಸ್ತಿ.

ಸುರಂಗದ ನೀರು · 10:02

ಎರಡನೇ ಪ್ರಶ್ನೆಗೆ ಯಾರೂ ಉತ್ತರ ಕೊಡ್ಲಿಲ್ಲ. ಆಕ್ಟೇವ್ ಸಾಕು. ಆದರೆ ಆಕ್ಟೇವ್ ಒಪ್ಪಿ ಮ್ಯಾಟ್‌ಲ್ಯಾಬ್ ಒಪ್ಪದ್ದು ಕೆಲವು ಉಂಟು, ಅವನ್ನು ಅಭ್ಯಾಸ ಮಾಡ್ಲೇಬೇಡಿ: ಕಾಮೆಂಟಿಗೆ # ಬೇಡ, % ಹಾಕಿ. ಸಮ ಅಲ್ಲ ಅನ್ನಲಿಕ್ಕೆ != ಬೇಡ, ~= ಹಾಕಿ. += ಮತ್ತು ++ ಮ್ಯಾಟ್‌ಲ್ಯಾಬಲ್ಲಿ ಇಲ್ಲ. ಎಂಡ್‌ಇಫ್, ಎಂಡ್‌ಫಾರ್ ಬೇಡ, ಬರೀ ಎಂಡ್.

ಸಿಗ್ನಲ್, ಕಂಟ್ರೋಲ್ ಕಮಾಂಡ್‌ಗಳು ಸಿಗದಿದ್ದರೆ ಪ್ಯಾಕೇಜ್ ಇನ್‌ಸ್ಟಾಲ್ ಆಗಿದ್ದರೂ ಪ್ರತಿ ಸಲ ಪಿಕೆಜಿ ಲೋಡ್ ಕೊಡಬೇಕು. ಸಿಮ್ಯುಲಿಂಕ್ (ಚೌಕಗಳನ್ನು ಗೆರೆಯಲ್ಲಿ ಜೋಡಿಸಿ ಸಿಮ್ಯುಲೇಶನ್ ಮಾಡುವ ಭಾಗ) ಮಾತ್ರ ಆಕ್ಟೇವಲ್ಲಿ ಇಲ್ಲ. ಆ ತರದ್ದು ಬೇಕಾದರೆ ಸೈಲ್ಯಾಬ್ ಅನ್ನುವ ಇನ್ನೊಂದು ಬಿಟ್ಟಿ ಸಾಫ್ಟ್‌ವೇರಿನ ಎಕ್ಸ್‌ಕಾಸ್ ನೋಡಬಹುದು, ಐಐಟಿ ಬಾಂಬೆಯವರ ಸ್ಪೋಕನ್ ಟ್ಯುಟೋರಿಯಲ್‌ನಲ್ಲಿ ಸೈಲ್ಯಾಬ್ ಪಾಠ ಉಂಟು. ಮ್ಯಾಟ್‌ಲ್ಯಾಬನ್ನೇ ಮುಟ್ಟಿ ನೋಡಬೇಕಾದರೆ ಬ್ರೌಸರಲ್ಲಿ ಓಡುವ ಮ್ಯಾಟ್‌ಲ್ಯಾಬ್ ಆನ್‌ಲೈನ್ ತಿಂಗಳಿಗೆ 20 ಗಂಟೆ ಬಿಟ್ಟಿ ಸಿಗ್ತದೆ. ಮಳೆಗಾಲದಲ್ಲಿ ಪೆರ್ಲದ ನೆಟ್ಟು ನಂಬಿ ಕೂತುಕೊಳ್ಳಬೇಡಿ ಅಷ್ಟೆ.

4 ಜಿಬಿ ಬಗ್ಗೆ: 10000×10000 ಮಾತೃಕೆ ಒಂದಕ್ಕೇ 80 ಕೋಟಿ ಬೈಟ್, ಅಂದರೆ 800 ಎಂಬಿ. ಅದರ ವಿಲೋಮ ಇನ್ನೊಂದು 800. ಲ್ಯಾಪ್‌ಟಾಪ್ ಅಲ್ಲಿಗೇ ಕೂತುಬಿಡ್ತದೆ. ನಿಮ್ಮ ಲ್ಯಾಬಿನ 3×3, 10×10ಕ್ಕೆ ಏನೂ ತೊಂದರೆ ಇಲ್ಲ.

ಉಪ್ಪಳ ಗೇಟು · 10:05

ಅದಿರಲಿ, ಆಕ್ಟೇವ್ ಅಂದರೆ ಸಂಗೀತದ ಸಪ್ತಕ ಅಲ್ವಾ? ಲೆಕ್ಕದ ಸಾಫ್ಟ್‌ವೇರಿಗೆ ಯಾಕೆ ಆ ಹೆಸರು?

ಶಿರಿಯಾ ಹೊಳೆ · 10:11

ಸಂಗೀತಕ್ಕೂ ಅದಕ್ಕೂ ಸಂಬಂಧವಿಲ್ಲ. ಆಕ್ಟೇವ್ ಲೆವೆನ್‌ಸ್ಪೀಲ್ ಎಂಬ ಕೆಮಿಕಲ್ ಇಂಜಿನಿಯರಿಂಗ್ ಪ್ರೊಫೆಸರರ ಹೆಸರು ಅದು. ಅದನ್ನು ಬರೆದ ಜಾನ್ ಈಟನ್ ಅವರ ವಿದ್ಯಾರ್ಥಿ. ರಿಯಾಕ್ಟರ್ ವಿನ್ಯಾಸದ ಪಠ್ಯಪುಸ್ತಕವೊಂದರ ಜತೆಗೆ ಕೊಡಲೆಂದು ಯೋಚಿಸಿದ್ದು, 1992ರಿಂದ ಪೂರ್ಣಪ್ರಮಾಣದ ಕೆಲಸ ಶುರುವಾಯಿತು. ಮ್ಯಾಟ್‌ಲ್ಯಾಬಿನ ಹುಟ್ಟೂ ಕ್ಲಾಸ್‌ರೂಮಿನಲ್ಲೇ. ಕ್ಲೀವ್ ಮೋಲರ್ ನ್ಯೂ ಮೆಕ್ಸಿಕೋ ವಿಶ್ವವಿದ್ಯಾಲಯದಲ್ಲಿ ಕಲಿಸುತ್ತಿದ್ದಾಗ ವಿದ್ಯಾರ್ಥಿಗಳು ಫೋರ್ಟ್ರಾನ್ ಬರೆಯದೆಯೇ ಲಿನ್‌ಪ್ಯಾಕ್, ಐಸ್‌ಪ್ಯಾಕ್ ಎಂಬ ಮಾತೃಕೆ ಲೈಬ್ರರಿಗಳನ್ನು ಬಳಸಲಿ ಎಂದು 1970ರ ದಶಕದ ಕೊನೆಗೆ ಬರೆದದ್ದು. ಕಂಪನಿಯಾದದ್ದು 1984ರಲ್ಲಿ. ಮ್ಯಾಟ್ ಅಂದರೆ ಮ್ಯಾಟ್ರಿಕ್ಸ್, ಗಣಿತ ಅಲ್ಲ.

ಪೆರ್ಲ ಬಸ್ಸು · 10:20

ಇನ್ನೊಂದು ಸೇರಿಸಿ ಕೇಳ್ತೇನೆ. ಸಮೀಕರಣ ಬಿಡಿಸುವ ಪ್ರೋಗ್ರಾಮ್ ಉಂಟು, ಎ ಎಕ್ಸ್ = ಬಿ. ಡೆಟ್(ಎ), ಅಂದರೆ ನಿರ್ಧಾರಕ, ಸೊನ್ನೆಯಾ ನೋಡಿ, ಅಲ್ಲದಿದ್ದರೆ ಇನ್ವ್(ಎ) * ಬಿ (ಇನ್ವ್ ಅಂದರೆ ವಿಲೋಮ). ಇದು ಸರಿ ಅಲ್ವಾ?

ಕಂಬಸಾಲು · 10:38

ಎರಡೂ ಬಿಟ್ಟುಬಿಡಿ.

ಮೊದಲು ಡೆಟ್. [1 2 3; 4 5 6; 7 8 9] ಕೊಡಿ. ಕೈಲೆಕ್ಕದಲ್ಲಿ ನಿರ್ಧಾರಕ ಸೊನ್ನೆ. ಮ್ಯಾಟ್‌ಲ್ಯಾಬ್ ಕೊಡುದು 6.66 ಗುಣಿಸು 10ರ ಘಾತ -16ರ ಹಾಗಿನ ಒಂದು ಚೂರು. ನಿಮ್ಮ "ಸೊನ್ನೆಯಾ" ಪರೀಕ್ಷೆ ಅದನ್ನು ಪಾಸ್ ಮಾಡಿ ಮುಂದೆ ಕಳಿಸ್ತದೆ, ಇನ್ವ್ ಎಂತೆಂತದೋ ದೊಡ್ಡ ಸಂಖ್ಯೆ ಉಗುಳ್ತದೆ. ತಿರುಗಿಸಿ ನೋಡಿ: 0.1 * ಐ(20), ಈ ಐ ಅಂದರೆ ಇ-ವೈ-ಇ, 20×20 ಐಡೆಂಟಿಟಿ ಮಾತೃಕೆ. ಅದರ ನಿರ್ಧಾರಕ 10ರ ಘಾತ -20, ಮೇಲಿನದ್ದಕ್ಕಿಂತಲೂ ಸಣ್ಣದು. ಆದರೆ ಅದು ಒಂದು ದೋಷವೂ ಇಲ್ಲದ ಮಾತೃಕೆ, ವಿಲೋಮ 10 * ಐ(20). ಅಂದರೆ ನಿರ್ಧಾರಕ ಎಷ್ಟು ಸಣ್ಣ ಅನ್ನುದು ಏನೂ ಹೇಳುದಿಲ್ಲ. ಕಾಂಡ್ ಕೇಳಿ, ಅದು ಮಾತೃಕೆ ಎಷ್ಟು ನಾಜೂಕು ಅಂತ ಹೇಳುವ ಸಂಖ್ಯೆ. ಕಾಂಡ್ 10ರ ಘಾತ ಎಷ್ಟೋ, ಸುಮಾರು ಅಷ್ಟು ಅಂಕಿ ಕಳ್ಕೊಳ್ತೀರಿ. ಡಬಲ್‌ನಲ್ಲಿ ಇರುದೇ 16 ಅಂಕಿ. ಹಿಲ್ಬ್(10), ಅಂದರೆ 10×10 ಹಿಲ್ಬರ್ಟ್ ಮಾತೃಕೆ, ಅದರ ಕಾಂಡ್ 1.6 ಗುಣಿಸು 10ರ ಘಾತ 13. ಉಳಿಯುದು ಮೂರು ಅಂಕಿ.

ಬಿಡಿಸಲಿಕ್ಕೆ ಇನ್ವ್ ಬೇಡ, ಎ \ ಬಿ ಬರೆಯಿರಿ. ಗೀಟು ಯಾವ ಕಡೆ ಬಾಗಿದೆ ನೋಡಿಕೊಳ್ಳಿ, ಎ ಅದರ ಕೆಳಗೆ ಮಲಗಿದ ಹಾಗೆ. ಇದು ವಿಲೋಮ ತೆಗೆಯುದಿಲ್ಲ, ಗಾಸ್ ವಿಧಾನದಲ್ಲಿ ನೇರ ಬಿಡಿಸ್ತದೆ, ಕೆಲಸವೂ ಕಡಿಮೆ, ತಪ್ಪೂ ಕಡಿಮೆ. ಮಾತೃಕೆ ಕೆಟ್ಟದಾದರೆ ಎಚ್ಚರಿಕೆಯನ್ನೂ ಕೊಡ್ತದೆ. ಆ ಎಚ್ಚರಿಕೆ ಬಂದ ಮೇಲೂ ಉತ್ತರ ನೋಟ್‌ಬುಕ್ಕಿಗೆ ಇಳಿಸುವವರಿಗೆ ಮದ್ದಿಲ್ಲ.

ಸುರಂಗದ ನೀರು · 10:47

ಸಿ ಲ್ಯಾಬಲ್ಲಿ ಗಾಸ್ ಎಲಿಮಿನೇಶನ್ ಸ್ವಂತ ಬರೆಯುವವರಿಗೂ ಒಂದು: ಸಾಲು ಅದಲು ಬದಲು ಮಾಡುವ ಭಾಗ ಬಿಡಬೇಡಿ. ಮೊದಲ ಸಂಖ್ಯೆ ಸೊನ್ನೆ ಇದ್ದರೆ ಭಾಗಾಕಾರವೇ ಆಗುದಿಲ್ಲ, ಅದು ಎಲ್ಲರಿಗೂ ಗೊತ್ತು. ಸೊನ್ನೆ ಅಲ್ಲ, ತೀರಾ ಸಣ್ಣದಾದರೂ ಕೆಡ್ತದೆ. ಎ = [10^-20 1; 1 1], ಬಿ = [1; 2]. ನಿಜವಾದ ಉತ್ತರ ಹೆಚ್ಚುಕಡಿಮೆ 1 ಮತ್ತು 1. ಅದಲು ಬದಲು ಮಾಡದೆ ಹೋದರೆ ಮೊದಲ ಸಾಲನ್ನು 10^20ರಿಂದ ಗುಣಿಸಿ ಎರಡನೇದರಿಂದ ಕಳೀತೀರಿ. 1 - 10^20 ಅನ್ನುವಲ್ಲಿ ಆ 1, 2 - 10^20 ಅನ್ನುವಲ್ಲಿ ಆ 2, ಎರಡೂ 16 ಅಂಕಿಯ ಹೊರಗೆ ಬಿದ್ದು ಮುಳುಗಿಹೋಗ್ತವೆ. ಬರುವ ಉತ್ತರ 0 ಮತ್ತು 1. ಎರಡನೇ ಸಮೀಕರಣಕ್ಕೆ ಹಾಕಿ ನೋಡಿ: 0 + 1, ಆದರೆ ಬೇಕಾದ್ದು 2. ಸಾಲು ತಿರುಗಿಸಿ ಹಾಕಿದರೆ 1, 1 ಸರಿಯಾಗಿ ಬರ್ತದೆ. ಕಂಬದಲ್ಲಿ ಅತಿ ದೊಡ್ಡದನ್ನು ಮೇಲೆ ತರಬೇಕು, ಚಿಹ್ನೆ ಬಿಟ್ಟು ಅಳತೆ ನೋಡಿ.

ಬೇಕಲ 5 · 10:52

0.1 + 0.2 == 0.3 ಕೊಟ್ಟರೆ 0 ಬರುದೂ ಇದೇ ಅಂಕಿ ಕಥೆಯಾ?

ಕಂಬಸಾಲು · 10:56

ಅದೇ. 0.1 ಅನ್ನುದು ಎರಡರ ಪದ್ಧತಿಯಲ್ಲಿ ಮುಗಿಯುದಿಲ್ಲ, ನಮಗೆ 1/3 ಮುಗಿಯದ ಹಾಗೆ. ಎಕ್ಸ್ ಸೊನ್ನೆಯಿಂದ ಶುರು, 0.1 ಕೂಡಿಸ್ತಾ ಹೋಗು, ಎಕ್ಸ್ ~= 1 ಇರುವವರೆಗೆ ಓಡು ಅಂತ ವೈಲ್ ಲೂಪ್ ಬರೆದರೆ ಅದು ನಿಲ್ಲುದೇ ಇಲ್ಲ. ಹತ್ತು ಸಲ ಕೂಡಿಸಿದಾಗ ಬರುದು 0.9999999999999999. ಕಂಟ್ರೋಲ್ ಸಿ ಒತ್ತಿ ನಿಲ್ಲಿಸಿ. ಸಮವಾ ಅಂತ ಕೇಳಬೇಡಿ, ವ್ಯತ್ಯಾಸದ ಆಬ್ಸ್ (ಚಿಹ್ನೆ ಬಿಟ್ಟ ಅಳತೆ) ಒಂದು ಸಣ್ಣ ಮಿತಿಗಿಂತ ಕಡಿಮೆಯಾ ಅಂತ ಕೇಳಿ.

ಗಡಿಯಾಚೆ · 11:01

ಇಷ್ಟೆಲ್ಲ ಹೇಳಿ ಮುಖ್ಯದ್ದು ಬಿಟ್ಟಿರಿ. ಮ್ಯಾಟ್‌ಲ್ಯಾಬಲ್ಲಿ ಫಾರ್ ಲೂಪ್ ಹಾಕಲೇಬಾರದು, ಭಯಂಕರ ನಿಧಾನ.

ಶಿರಿಯಾ ಹೊಳೆ · 11:08

ಇದು ಹಳೇ ಪುಸ್ತಕದ ಮಾತು. ಈಗಿನ ಮ್ಯಾಟ್‌ಲ್ಯಾಬ್ ಲೂಪನ್ನು ಓಡುವಾಗಲೇ ಕಂಪೈಲ್ ಮಾಡುತ್ತದೆ. ಆಕ್ಟೇವಿನಲ್ಲಿ ಲೂಪ್ ಈಗಲೂ ನಿಧಾನ, ಅದು ನಿಜ. ಆದರೆ ನಿಧಾನಕ್ಕೆ ಹೆಚ್ಚಾಗಿ ಕಾರಣ ಲೂಪ್ ಅಲ್ಲ, ಲೂಪಿನೊಳಗೆ ಅರೇ ಬೆಳೆಸುವುದು. ಪ್ರತಿ ಸುತ್ತಿಗೂ ಒಂದೊಂದು ಸಂಖ್ಯೆ ಬಾಲಕ್ಕೆ ಅಂಟಿಸಿದರೆ ಹಳೆಯದನ್ನೆಲ್ಲ ಹೊಸ ಜಾಗಕ್ಕೆ ಹೊತ್ತು ಹಾಕಬೇಕಾಗುತ್ತದೆ. ಮೊದಲೇ ಝೀರೋಸ್(1, 10000) ಎಂದು ಜಾಗ ಹಿಡಿದಿಟ್ಟುಕೊಳ್ಳಿ. ಮೊದಲ ವರ್ಷದವರು ಲೂಪ್ ಬರೆಯಲೇಬೇಕು, ಒಳಗೆ ಏನಾಗುತ್ತದೆಂದು ತಿಳಿಯುವುದು ಆಗಲೇ.

ಉಪ್ಪಳ ಗೇಟು · 11:12

ಸಣ್ಣ ಸಣ್ಣ ಗುಂಡಿಗಳು, ಲ್ಯಾಬಲ್ಲಿ ದಿನಾ ಕಾಣುವಂಥವು. ಫೈಲಿಗೆ ಲ್ಯಾಬ್-3 ಅಂತ ಹೆಸರಿಟ್ಟರೆ ಓಡಿಸುವಾಗ ಅದು "ಲ್ಯಾಬ್ ಕಳೆ 3" ಅಂತ ಓದಿ ಲ್ಯಾಬ್ ಯಾರು ಗೊತ್ತಿಲ್ಲ ಅಂತದೆ. ಅಡಿಗೀಟು ಹಾಕಿ. ಅಂಕಿಯಿಂದ ಶುರುವಾಗುವ ಹೆಸರೂ ಆಗುದಿಲ್ಲ, ಸ್ಪೇಸೂ ಆಗುದಿಲ್ಲ. ಮೊತ್ತಕ್ಕೆ ಸಮ್ ಅಂತಲೇ ಹೆಸರಿಟ್ಟು ಸಮ್ = 5 ಬರೆದರೆ ಆಮೇಲೆ ಸಮ್([1 2 3]) ಕೂಡಿಸುದಿಲ್ಲ, ಇಂಡೆಕ್ಸ್ ಹೊರಗೆ ಹೋಯ್ತು ಅಂತದೆ. ಕ್ಲಿಯರ್ ಸಮ್ ಕೊಟ್ಟರೆ ಸರಿಯಾಗ್ತದೆ. ಸೈನ್ ರೇಡಿಯನ್ನಲ್ಲಿ, ಡಿಗ್ರಿ ಬೇಕಾದರೆ ಸೈನ್‌ಡಿ. ಲಾಗ್ ಅಂದರೆ ನ್ಯಾಚುರಲ್, ಹತ್ತರದ್ದು ಬೇಕಾದರೆ ಲಾಗ್10. ಕೊನೆಯದ್ದಕ್ಕೆ ಎಷ್ಟು ಮಾರ್ಕು ಹೋಗ್ತದೋ ದೇವರೇ ಬಲ್ಲ.

ಸುರಂಗದ ನೀರು · 11:14

ಎಲೆಕ್ಟ್ರಿಕಲ್‌ನವರಿಗೆ ಇನ್ನೊಂದು ಸೇರಿಸಿ: ಕಾಂಪ್ಲೆಕ್ಸ್ ಸಂಖ್ಯೆ ಇದ್ದರೆ ಆ ಗೀಟು ತಿರುಗಿಸುದರ ಜೊತೆಗೆ ಕಾಂಜುಗೇಟನ್ನೂ (ಕಾಲ್ಪನಿಕ ಭಾಗದ ಚಿಹ್ನೆ ಬದಲು) ಮಾಡ್ತದೆ. ಬರೀ ತಿರುಗಿಸಲಿಕ್ಕೆ ಗೀಟಿನ ಮೊದಲು ಚುಕ್ಕಿ, ಹೀಗೆ: ಝಡ್.' ಮತ್ತೆ ಲೂಪಿನ ಹೆಸರು ಐ ಅಂತ ಇಟ್ಟರೆ ಕಾಲ್ಪನಿಕ ಐ ಕಳೆದುಹೋಗ್ತದೆ. 3 + 4 * ಐ ಬರೆಯಬೇಡಿ, ಅಂಕಿಗೆ ಅಂಟಿಸಿ 4ಐ ಅಂತಲೇ ಬರೆಯಿರಿ.

ಪೆರ್ಲ ಬಸ್ಸು · 11:25

62100 ಬಂತು. ಹೆಸರು ಲ್ಯಾಬ್-3 ಅಂತಲೇ ಇತ್ತು, ಅದೂ ಸರಿಯಾಯ್ತು. ಈಗ ಲೂಪಿನೊಳಗೆ ಪ್ಲಾಟ್(ಎಕ್ಸ್, ವೈ) ಕೊಟ್ಟರೆ ಕಿಟಕಿ ತೆರೀತದೆ, ಒಳಗೆ ಖಾಲಿ. ಎರರ್ ಇಲ್ಲ.

ಕಂಬಸಾಲು · 11:31

ಪ್ರತಿ ಸುತ್ತಿಗೂ ಒಂದೇ ಒಂದು ಬಿಂದು ಕೊಡ್ತಿದ್ದೀರಿ. ಪ್ಲಾಟ್ ಬಿಂದುಗಳ ನಡುವೆ ಗೆರೆ ಎಳೀತದೆ, ಬಿಂದು ಒಂದೇ ಇದ್ದರೆ ಗೆರೆ ಎಲ್ಲಿಂದ ಎಲ್ಲಿಗೆ? ಮೂರನೇದಾಗಿ 'ಓ' ಅಂತ ಗುರುತು ಕೊಟ್ಟರೆ ಕಾಣ್ತದೆ, ಆದರೆ ಮುಂದಿನ ಸುತ್ತು ಅದನ್ನು ಒರೆಸಿ ಕೊನೆಯ ಬಿಂದು ಮಾತ್ರ ಉಳಿಸ್ತದೆ, ಹಾಗಾಗಿ ಲೂಪಿನ ಮೊದಲು ಹೋಲ್ಡ್ ಆನ್. ಇದಕ್ಕಿಂತ ಒಳ್ಳೇದು, ಎಕ್ಸ್ = ಲಿನ್‌ಸ್ಪೇಸ್(0, 10, 101), ಲೂಪಲ್ಲಿ ವೈ(ಕೆ) ತುಂಬಿಸಿ, ಎಂಡ್ ಆದ ಮೇಲೆ ಹೊರಗೆ ಒಂದೇ ಪ್ಲಾಟ್. ವೈಗೆ ಝೀರೋಸ್ ಮೊದಲೇ ಹಾಕಿರಿ.

ಪೆರ್ಲ ಬಸ್ಸು · 11:40

ಗೆರೆ ಬಂತು.

ಚಾಲಿ ಹೊಸತು · 11:41

ಆ 200 ಒಂದು ತಿದ್ದಿ ಮಾರಾಯ್ರೇ, ನೋಡ್ಲಿಕ್ಕೆ ಆಗುದಿಲ್ಲ.